ದೆವ್ವ ಯಾರ ಹೆಗಲ ಮೇಲಿದೆ?

ದೇವಚರರು ಮತ್ತು ಸೈತಾನನ ಕುರಿತ ನಂಬಿಕೆ ಯಹೂದಿ, ಕ್ರೈಸ್ತ, ಇಸ್ಲಾಮ್ ಮೂರೂ ಪರಂಪರೆಗಳಲ್ಲಿದೆ. ಕನ್ನಡದ ಕ್ರೈಸ್ತರು 'ದೇವದೂತ' ಎನ್ನುವುದನ್ನು ನಮ್ಮ ಬರಹಗಳು 'ದೇವಚರ' ಎನ್ನುತ್ತವೆ, ಅಷ್ಟೆ. ಆದ್ದರಿಂದ ಕ್ರೈಸ್ತ ಲೇಖಕರು ಈ ವಸ್ತುವಿನ ಮೇಲೆ ಬರೆದ ಕಾದಂಬರಿಗಳು ನಮಗೆ ಪರಕೀಯವೆನಿಸಲಿಲ್ಲ. ಆದರೆ ಅಂಥ ಎರಡು ಪುಸ್ತಕಗಳನ್ನು ಒಂದರ ಹಿಂದೆ ಒಂದರಂತೆ ಓದಿದ ಮೇಲೆ ಒಂದು ಪ್ರಶ್ನೆ ನಮ್ಮನ್ನು ಬಿಡಲಿಲ್ಲ: ಕೆಡುಕನ್ನು ನಾವು ಹುಡುಕಬೇಕಾದುದು ಎಲ್ಲಿ?

ಮೊದಲನೆಯದು ಸಿ.ಎಸ್. ಲೂಯಿಸ್ ಅವರ 'ದಿ ಸ್ಕ್ರೂಟೇಪ್ ಲೆಟರ್ಸ್'. ಲೂಯಿಸ್ ಆಕ್ಸ್‌ಫರ್ಡಿನಲ್ಲಿ ಸಾಹಿತ್ಯ ಕಲಿಸುತ್ತಿದ್ದವರು. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಈ ಪತ್ರಗಳು ಆಂಗ್ಲಿಕನ್ ವಾರಪತ್ರಿಕೆಯೊಂದರಲ್ಲಿ ಬಂದವು, 1942ರಲ್ಲಿ ಪುಸ್ತಕವಾದವು. ಇರುವುದು 31 ಪತ್ರಗಳು. ಬರೆಯುವವನು ಸ್ಕ್ರೂಟೇಪ್ ಎಂಬ ಹಿರಿಯ ದೆವ್ವ. ಓದುವವನು ಅವನ ಸೋದರಳಿಯ ವರ್ಮ್‌ವುಡ್, ಕೆಲಸಕ್ಕೆ ಹೊಸಬ. ಒಬ್ಬ ಸಾಮಾನ್ಯ ಯುವಕನನ್ನು ದೇವರಿಂದ ದೂರ ಮಾಡುವುದೇ ಅವನ ಕೆಲಸ.

ದೊಡ್ಡ ಪಾಪಗಳನ್ನು ಮಾಡಿಸು ಎಂದು ಸ್ಕ್ರೂಟೇಪ್ ಒತ್ತಾಯಿಸುವುದಿಲ್ಲ. ಆ ಯುವಕ ತಾಯಿಗಾಗಿ ಪ್ರಾರ್ಥಿಸುತ್ತಾನೆ. ಪ್ರಾರ್ಥಿಸಲಿ, ಆದರೆ ಆಕೆಯ ಆತ್ಮದ ಬಗ್ಗೆ ಮಾತ್ರ ಯೋಚಿಸುವಂತೆ ಮಾಡು, ಆಕೆಯ ಕೀಲುನೋವು ಅವನ ನೆನಪಿಗೆ ಬರದಿರಲಿ ಎಂಬುದು ಮಾವನ ಸಲಹೆ. ಇದನ್ನು ಓದಿ ನಾವು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಪ್ರಾರ್ಥನೆಯಿಂದ ಎದ್ದ ಮರುಕ್ಷಣವೇ ಮನೆಯವರ ಮೇಲೆ ರೇಗುವವರು ಯಾವ ಧರ್ಮದಲ್ಲಿಲ್ಲ? ಇಲ್ಲಿ ದೆವ್ವಕ್ಕೆ ಕೋರೆಹಲ್ಲು ಬೇಕಿಲ್ಲ. ನಮ್ಮ ಸಿಡುಕು, ನಮ್ಮ ಭಕ್ತಿಯ ಬಗೆಗೇ ನಮಗಿರುವ ಹೆಮ್ಮೆ ಸಾಕು.

ಈ ಸಲಹೆಗಳು ಪೈಶಾಚಿಕವಾಗಿವೆ ಎಂದು ಒಬ್ಬ ಪಾದ್ರಿ ಪತ್ರಿಕೆಯ ಚಂದಾ ನಿಲ್ಲಿಸಿದ್ದರೆಂದು ಲೂಯಿಸ್ ನಂತರ ಬರೆದರು. ಇನ್ನೊಂದು ಮಾತನ್ನೂ ಒಪ್ಪಿಕೊಂಡರು: ದೇವದೂತನ ಕಡೆಯಿಂದಲೂ ಇಂಥ ಪತ್ರಗಳು ಬರಬೇಕಿತ್ತು, ಆದರೆ ಅದನ್ನು ಬರೆಯುವುದು ತಮ್ಮ ಅಳವಲ್ಲ ಎಂದು. ಕೆಟ್ಟವನ ಒಳಗನ್ನು ಊಹಿಸುವುದು ಸುಲಭ. ಪೂರ್ಣ ಒಳ್ಳೆಯವನ ದನಿ ನಮಗೆ ಎಟುಕುವುದಿಲ್ಲ.

ಎರಡನೆಯದು ಅಮೆರಿಕದ ಫ್ರಾಂಕ್ ಪೆರೆಟಿ ಅವರ 'ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್', 1986ರ ಕಾದಂಬರಿ. ಹೆಸರು ಬೈಬಲಿನ ಎಫೆಸದವರಿಗೆ ಬರೆದ ಪತ್ರದಿಂದ ಬಂದದ್ದು. ಆಷ್ಟನ್ ಎಂಬ ಪುಟ್ಟ ಊರು, ಒಬ್ಬ ಪಾದ್ರಿ, ಒಬ್ಬ ಪತ್ರಿಕಾ ಸಂಪಾದಕ. ಊರನ್ನು ಕಬಳಿಸಲು ಹೊರಟ ಒಂದು ಗುಪ್ತ ಸಂಘಟನೆ. ಮೇಲೆ ಆಕಾಶದಲ್ಲಿ ಕತ್ತಿ ಹಿಡಿದ ದೇವದೂತರಿಗೂ ದೆವ್ವಗಳಿಗೂ ಯುದ್ಧ. ಕೆಳಗೆ ಜನ ಪ್ರಾರ್ಥಿಸಿದಷ್ಟೂ ದೇವದೂತರಿಗೆ ಬಲ. ಓದಲು ಹಿಡಿದರೆ ಕೈಬಿಡಲಾಗದ ಪುಸ್ತಕ. ಸಾಮಾನ್ಯರ ಪ್ರಾರ್ಥನೆಯೂ ವ್ಯರ್ಥವಲ್ಲ ಎಂಬ ಅದರ ಭರವಸೆ ನಮಗೂ ಹಿಡಿಸಿತು.

ತೊಡಕಿರುವುದು ಬೇರೆ ಕಡೆ. ಕಾಲೇಜಿನಲ್ಲಿ ಧ್ಯಾನ, ಪ್ರಜ್ಞೆ ಎಂದು ಪಾಠ ಮಾಡುವ ಪ್ರಾಧ್ಯಾಪಕಿಯ ಬೆನ್ನಿಗೂ ದೆವ್ವವಿದೆ. ಚರ್ಚಿನ ಒಳಗಿನವರನ್ನೂ ಪೆರೆಟಿ ಬಿಡುವುದಿಲ್ಲ, ನಿಜ. ಆದರೂ ಬೇರೆ ದಾರಿಯ ಅಧ್ಯಾತ್ಮವೆಲ್ಲ ಅಲ್ಲಿ ದೆವ್ವದ ಸಂಚಾಗಿಬಿಡುತ್ತದೆ. ಆ ಊರಿನಲ್ಲಿ ನಮ್ಮಂಥ ಅನ್ಯಧರ್ಮೀಯರ ಒಂದು ಮನೆಯಿದ್ದಿದ್ದರೆ ನಮ್ಮ ಹೆಗಲ ಮೇಲೂ ಒಂದು ದೆವ್ವ ಕೂರುತ್ತಿತ್ತೇನೋ! ಲಕ್ಷಾಂತರ ಪ್ರತಿಗಳು ಮಾರಾಟವಾದ ಪುಸ್ತಕವಿದು. ಓದಿದ ಹುಡುಗನೊಬ್ಬ ನೆರೆಮನೆಯವರನ್ನು ಯಾವ ಕಣ್ಣಿನಿಂದ ನೋಡಿಯಾನು? ನೆರೆಯವನು ತಪ್ಪು ತಿಳಿದಿದ್ದಾನೆ ಎಂದುಕೊಂಡರೆ ಅವನೊಂದಿಗೆ ಮಾತಾಡಬಹುದು. ಅವನ ಹಿಂದೆ ದೆವ್ವವಿದೆ ಎಂದುಕೊಂಡರೆ ಮಾತಿಗೆ ಎಡೆಯೇ ಉಳಿಯುವುದಿಲ್ಲ.

ಇದು ಕ್ರೈಸ್ತರಿಗಷ್ಟೇ ಹೇಳುವ ಮಾತಲ್ಲ. ಎದುರಾಳಿಯಲ್ಲಿ ಸೈತಾನನನ್ನು ಕಾಣುವ ಚಟ ಎಲ್ಲ ಸಮುದಾಯಗಳಿಗೂ ಇದೆ, ನಮಗೂ ಇದೆ. ಆದ್ದರಿಂದ ಮನೆಯ ಮಕ್ಕಳು ಪೆರೆಟಿಯನ್ನು ಕೇಳಿದರೆ ನಾವು ಬೇಡವೆನ್ನುವುದಿಲ್ಲ. ಅದರ ಜೊತೆಗೆ ಲೂಯಿಸ್ ಅವರ ಆ ತೆಳ್ಳನೆಯ ಪುಸ್ತಕವನ್ನೂ ಕೊಡುತ್ತೇವೆ. ಊರಿನವರ ಹೆಗಲನ್ನು ನೋಡುವ ಮೊದಲು ತನ್ನ ಹೆಗಲನ್ನು ತಡವಿಕೊಳ್ಳಲು ಅದು ಕಲಿಸುತ್ತದೆ.