ಕರೆಂಟಿನ ಗಿಡ

“ಕರೆಂಟಿನ ಗಿಡವಾ?” ಅಪ್ಪ ಫೋನಿನಲ್ಲಿ ನಕ್ಕರು. ಪುತ್ತೂರಿನ ಹತ್ತಿರದ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಕರೆಂಟು ಹೋಗಿತ್ತು. ಇತ್ತ ಸ್ಕಾಟ್ಲೆಂಡಿನ ಡಂಡೀಯಲ್ಲಿ ನಾನು ಹಿತ್ತಿಲಿಗೆ ಬ್ಲ್ಯಾಕ್‌ಕರೆಂಟ್ ಗಿಡ ಆರಿಸುತ್ತಾ ಕೂತಿದ್ದೆ.

ಐಸ್‌ಕ್ರೀಮಿನಿಂದಾಗಿ ನಮಗೆಲ್ಲ ಹೆಸರು ಗೊತ್ತಿರುವ ಹಣ್ಣು ಅದು. “ನಮ್ಮ ಕರಂಡೆಕಾಯಿಯ ಹಾಗೆ ಹುಳಿ ಅಪ್ಪ, ಆದರೆ ಮುಳ್ಳಿಲ್ಲ” ಎಂದೆ. ಯುದ್ಧಕಾಲದಲ್ಲಿ ಕಿತ್ತಳೆ ಸಿಗದಾದಾಗ ಬ್ರಿಟನ್ನಿನ ಮಕ್ಕಳಿಗೆ ವಿಟಮಿನ್ ಸಿ ಸಿಗಲೆಂದು ಇದರ ಶರಬತ್ತು ಹಂಚುತ್ತಿದ್ದರಂತೆ ಎಂದೂ ಹೇಳಿದೆ. ಅಪ್ಪ ಹೂಂಗುಟ್ಟಿದರು.

ಹಿಂದೆ ಒಮ್ಮೆ, ಬಾಡಿಗೆ ಮನೆಯ ಅಂಗಳದ ಕುಂಡದಲ್ಲಿ, ಅಗ್ಗಕ್ಕೆ ಸಿಕ್ಕಿತೆಂದು ಬಾಲ್ಡ್‌ವಿನ್ ಎಂಬ ಹಳೆಯ ತಳಿಯನ್ನು ನೆಟ್ಟಿದ್ದೆ. ಏಪ್ರಿಲ್‌ನಲ್ಲಿ ಮೈತುಂಬ ಹೂವು. ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿತು, ಹೂವೆಲ್ಲ ಕಂದಿ ಉದುರಿತು. ಆ ವರ್ಷ ಸಿಕ್ಕಿದ್ದು ಏಳು ಹಣ್ಣು. ಇಲ್ಲಿ ತಳಿ ಆರಿಸುವಾಗ ರುಚಿಗಿಂತ ಮೊದಲು ಹೂ ಬಿಡುವ ಕಾಲ ನೋಡಬೇಕೆಂದು ಆಗ ಗೊತ್ತಾಯಿತು.

ಅದಕ್ಕೆ ಉತ್ತರ ನಮ್ಮೂರಿನ ಮಗ್ಗುಲಲ್ಲೇ ಇತ್ತು. ಡಂಡೀ ಪಕ್ಕದ ಇನ್ವರ್‌ಗೌರಿಯಲ್ಲಿ ಹಣ್ಣಿನ ಸಂಶೋಧನಾ ಕೇಂದ್ರವಿದೆ. ಅಲ್ಲಿನವರು ಉತ್ತರ ಯುರೋಪಿನ ಚಳಿದೇಶಗಳ ತಳಿಗಳನ್ನು ತಂದು ಬೆರಕೆ ಮಾಡಿ, 1970ರ ದಶಕದಲ್ಲಿ ‘ಬೆನ್ ಲೋಮಂಡ್’ ಎಂಬ ತಳಿಯನ್ನು ಹೊರತಂದರು. ಅದು ತಡವಾಗಿ ಹೂ ಬಿಟ್ಟು ಹಿಮದಿಂದ ತಪ್ಪಿಸಿಕೊಳ್ಳುತ್ತದೆ. ಬೆನ್ ಎಂದರೆ ಗೇಲಿಕ್ ಭಾಷೆಯಲ್ಲಿ ಬೆಟ್ಟ. ಲೋಮಂಡ್ 974 ಮೀಟರಿನ ಒಂದು ಬೆಟ್ಟ. ಆಮೇಲೆ ಬಂದವುಗಳಿಗೂ ಬೆನ್ ಕಾನನ್, ಬೆನ್ ಹೋಪ್, ಬೆನ್ ಸಾರೆಕ್ ಎಂದೇ ಹೆಸರು. ಸಾರೆಕ್ ಗಿಡ್ಡ, ಹೆಚ್ಚುಕಡಿಮೆ ನನ್ನ ಸೊಂಟದೆತ್ತರ. ಸಣ್ಣ ಹಿತ್ತಿಲಿಗೆ ಅದೇ ಸರಿ.

“ನಮ್ಮ ಮಂಗಳ ಅಡಿಕೆಯ ಕತೆಯೂ ಅದೇ ಅಲ್ವಾ” ಎಂದರು ಅಪ್ಪ. ವಿಟ್ಲದ ಕೇಂದ್ರ 1972ರಲ್ಲಿ ಬಿಡುಗಡೆ ಮಾಡಿದ ಮಂಗಳ ತಳಿಯ ಮೂಲ ಚೀನಾ. ನಮ್ಮ ತೋಟದ ಕೆಳಗಿನ ಸಾಲು ಪೂರ್ತಿ ಅದೇ.

ಈ ಗಿಡಕ್ಕೆ ಚಳಿ ಬೇಕೇ ಬೇಕು. ಚಳಿಗಾಲ ಬೆಚ್ಚಗಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ, ಹಣ್ಣು ಕಡಿಮೆ. ಒಂಬತ್ತು ವರ್ಷದಿಂದ ಇಲ್ಲಿನ ಚಳಿಯನ್ನು ಬೈದುಕೊಂಡೇ ಇರುವ ನಾನು ಈಗ ಅದೇ ಚಳಿಯನ್ನು ಲೆಕ್ಕಕ್ಕೆ ಹಿಡಿದು ಗಿಡ ಆರಿಸುತ್ತಿದ್ದೆ.

“ಫಲಕ್ಕೆ ಬರ್ಲಿಕ್ಕೆ ಎಷ್ಟು ವರ್ಷ?”

“ಚೆನ್ನಾಗಿ ಬಿಡ್ಲಿಕ್ಕೆ ಮೂರು ವರ್ಷ. ಆಮೇಲೆ ಹತ್ತು ಹದಿನೈದು ವರ್ಷ ಬಿಡ್ತದೆ.”

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಬಾಡಿಗೆ ಮನೆಯಲ್ಲಿ ಯಾರಾದ್ರೂ ಹದಿನೈದು ವರ್ಷದ ಗಿಡ ನೆಡ್ತಾರಾ?”

ಮನೆ ಕೊಂಡು ನಾಲ್ಕು ತಿಂಗಳಾಗಿತ್ತು. ಒಬ್ಬನೇ ಮಗ ನಾನು, ಅವರಿಗೆ ಹೇಳಿರಲಿಲ್ಲ. ಮುಂದಿನ ವರ್ಷ ಬರುತ್ತೇನೆ ಎನ್ನುತ್ತಲೇ ಒಂಬತ್ತು ವರ್ಷ ಕಳೆದಿದ್ದೆ. “ಇಲ್ಲ ಅಪ್ಪ. ಮನೆ ತಗೊಂಡೆ” ಎಂದೆ.

ಬೈಯಲಿಲ್ಲ. ಯಾವಾಗ, ಎಷ್ಟಕ್ಕೆ ಎಂದೂ ಕೇಳಲಿಲ್ಲ. “ಎಷ್ಟು ಗಿಡ?” ಎಂದರು.

“ಒಂದು.”

“ಎರಡು ನೆಡು. ಒಂದನ್ನೇ ನಂಬಿ ಕೂರಬಾರದು.”

ಆ ಮಾತು ಗಿಡದ್ದು ಮಾತ್ರವೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನವೆಂಬರಿನಲ್ಲಿ ಎರಡು ಬೆನ್ ಸಾರೆಕ್ ತಂದೆ. ಮೊದಲಿದ್ದ ಮಣ್ಣಿನ ಗುರುತಿಗಿಂತ ಎರಡು ಇಂಚು ಆಳಕ್ಕೆ ನೆಟ್ಟೆ. ನೆಟ್ಟ ದಿನವೇ, ಕಡ್ಡಿಗೆ ಎರಡು ಮೊಗ್ಗಷ್ಟೇ ಬಿಟ್ಟು ಮಿಕ್ಕದ್ದನ್ನೆಲ್ಲ ಕತ್ತರಿಸಬೇಕು. ಮೊದಲ ಬೇಸಿಗೆಯ ಹಣ್ಣು ಹೋಗುತ್ತದೆ. ಬುಡದಿಂದ ಗಟ್ಟಿ ಚಿಗುರು ಬರುತ್ತದೆ. ಕೈ ಬರಲಿಲ್ಲ, ಆದರೂ ಕತ್ತರಿಸಿದೆ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ.

ಕೂಡಲೇ ಫೋನು ಬಂತು. “ಬರೀ ಮಣ್ಣು ಕಾಣ್ತದೆ ಮಾರಾಯ. ಗಿಡ ಎಲ್ಲುಂಟು?”