ಹೆಸರು ಕತ್ತರಿಸಿಟ್ಟ ಕಾಗದ

ಹರಿಹರದ ಸರ್ಕಾರಿ ಆಸ್ಪತ್ರೆ, ಬೆಳಗಿನ ಹತ್ತರ ಹೊತ್ತು. ಬಸುರಿಯರು ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಡಿದು ಬೆಂಚಿನ ತುಂಬ ಕೂತಿದ್ದಾರೆ. ಜಾಗ ಸಿಗದ ಅತ್ತೆಯರು ಗೋಡೆಗೆ ಒರಗಿದ್ದಾರೆ. ನೀವೂ ಒಂದು ಕಡೆ ಒತ್ತರಿಸಿಕೊಂಡು ನಿಲ್ಲಿ. ಎದುರಿಗೆ ಐಸಿಟಿಸಿ ಎಂದು ಬರೆದ ಕೋಣೆ, ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷೆ ನಡೆಯುವ ಜಾಗ, ಬಾಗಿಲು ಮುಚ್ಚಿದೆ. ಬರೆಯುವವನ ಸಲುಗೆ ಬಳಸಿಕೊಂಡು ಒಳಗೆ ಹೋಗೋಣ. ನಿಜದಲ್ಲಾದರೆ ನಿಮ್ಮನ್ನಾಗಲಿ ನನ್ನನ್ನಾಗಲಿ ಒಳಗೆ ಬಿಡುವುದಿಲ್ಲ, ಬಿಡಲೂಬಾರದು.

'ಬರ್ರಿ ಅಕ್ಕಾ, ಕೂತ್ಕೊಳ್ರಿ. ಎಷ್ಟು ತಿಂಗ್ಳು?'

'ನಾಲ್ಕು ತುಂಬೈತ್ರೀ.'

'ರಕ್ತ ತಗೊಂಡು ನಾಕೈದು ಪರೀಕ್ಷೆ ಮಾಡ್ತೀವಿ. ಅದ್ರಾಗೆ ಎಚ್‌ಐವಿದೂ ಒಂದು. ನೀವು ಹ್ಞೂಂ ಅಂದ್ರೆ ಮಾತ್ರ.'

ಹುಡುಗಿ ಬಾಗಿಲ ಕಡೆ ನೋಡುತ್ತಾಳೆ. ಅತ್ತೆ ಅಲ್ಲೇ ಆಚೆ ಇದ್ದಾರೆ. ಸ್ವಲ್ಪ ಹೊತ್ತಿಗೆ ಹ್ಞೂಂ ಅನ್ನುತ್ತಾಳೆ. ಆಪ್ತಸಮಾಲೋಚಕಿ ಒಂದು ಸಂಖ್ಯೆ ಬರೆದು ಕೊಡುತ್ತಾರೆ. ಇಲ್ಲಿಂದ ಮುಂದೆ ಈಕೆಯ ರಕ್ತ ಆ ಸಂಖ್ಯೆಯ ಹೆಸರಲ್ಲೇ ಓಡಾಡುತ್ತದೆ. ಒಂದು ಕಿಟ್ಟಿನಲ್ಲಿ ಗೆರೆ ಮೂಡಿದ ಮಾತ್ರಕ್ಕೆ ಸೋಂಕಿದೆ ಅನ್ನುವಂತಿಲ್ಲ. ಬೇರೆ ಬೇರೆ ಬಗೆಯ ಮೂರು ಕಿಟ್ಟುಗಳೂ ಅದನ್ನೇ ಹೇಳಬೇಕು.

ಏಡ್ಸ್ ಕಾಲದ ದಾಖಲೆ ಎಲ್ಲಿದೆ ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಇಂಥ ಬೆಂಚಿನ ಸಾಲನ್ನೇ. 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಸೋಂಕನ್ನು ಪತ್ತೆ ಮಾಡಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ ಹುಟ್ಟಿತು. 1998ರಿಂದ ದೇಶದಾದ್ಯಂತ, ಸೋಂಕು ಎಷ್ಟು ಹರಡಿದೆ ಎಂದು ಅಳೆಯುವ ಕಾವಲು ಸಮೀಕ್ಷೆ ಶುರುವಾಯಿತು. ಆಗಿನ ಪದ್ಧತಿ ಹೀಗೆ: ಆಯ್ದ ಆಸ್ಪತ್ರೆಯಲ್ಲಿ ಮೂರು ತಿಂಗಳೊಳಗೆ ಸಾಲಾಗಿ ಬಂದ 400 ಬಸುರಿಯರನ್ನು ಹಿಡಿಯಬೇಕು. ಸಿಫಿಲಿಸ್ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಉಳಿದದ್ದನ್ನು ಬೇರೆ ಮಾಡಬೇಕು. ಹೆಸರು ಕಿತ್ತುಹಾಕಬೇಕು. ವಯಸ್ಸು, ಓದು, ಹಳ್ಳಿಯೋ ಪೇಟೆಯೋ, ಗಂಡನ ಕಸುಬೇನು, ಇಷ್ಟು ಉಳಿಸಿಕೊಂಡು ರಕ್ತ ಪರೀಕ್ಷೆಗೆ ಕಳಿಸಬೇಕು. ಸೋಂಕಿದೆ ಎಂದು ಗೊತ್ತಾದರೂ ಅದು ಯಾರದೆಂದು ಹುಡುಕಲು ಯಾರಿಗೂ ದಾರಿಯಿಲ್ಲ, ಸ್ವತಃ ಆಕೆಗೂ. ಕರ್ನಾಟಕ ಹೆಚ್ಚು ಸೋಂಕಿನ ರಾಜ್ಯಗಳ ಪಟ್ಟಿಗೆ ಸೇರಿದ್ದು ಹೀಗೆ ಹೆಸರು ಕತ್ತರಿಸಿದ ಹಾಳೆಗಳಿಂದ. ಹೆಸರಿಲ್ಲದ ಲೆಕ್ಕಕ್ಕೂ ತಪ್ಪು ತಪ್ಪಿದ್ದಲ್ಲ. ದೇಶದಲ್ಲಿ 50 ಲಕ್ಷಕ್ಕೂ ಮೇಲೆ ಸೋಂಕಿತರಿದ್ದಾರೆ ಎನ್ನುತ್ತಿದ್ದ ಸರ್ಕಾರ 2007ರ ಜುಲೈಯಲ್ಲಿ ಮನೆಮನೆ ಸಮೀಕ್ಷೆಯ ಅಂಕಿಯನ್ನೂ ಜೋಡಿಸಿ ನೋಡಿ, ಸುಮಾರು 25 ಲಕ್ಷ ಎಂದು ತಿದ್ದಿಕೊಂಡಿತು.

ಅಮೆರಿಕದಲ್ಲಿ ಹೀಗೆ ಹೆಸರು ಕತ್ತರಿಸುವುದಕ್ಕೆ ಪೂರಾ ಉಲ್ಟಾ ನಡೆಯಿತು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಲ್ಲಿ ಒಂದು ದೊಡ್ಡ ಕೌದಿ ಹಾಸಿದರು. ಮೂರಡಿ ಅಗಲ, ಆರಡಿ ಉದ್ದದ 1,920 ತುಂಡುಗಳು. ಏಡ್ಸ್‌ನಿಂದ ತೀರಿಕೊಂಡವರ ಹೆಸರನ್ನು ಅವರ ಗೆಳೆಯರು, ತಾಯಂದಿರು ಕೈಯಾರೆ ಹೊಲಿದಿದ್ದರು. ಹರಿಹರದ ಪಕ್ಕದ ದಾವಣಗೆರೆಯೂ ಬಟ್ಟೆಯ ಊರೇ, ಮಿಲ್ಲುಗಳ ಸೈರನ್ನಿಗೆ ಎದ್ದು ಮಲಗಿದ ಊರು. ಆದರೆ ಇಲ್ಲಿ ಯಾರೂ ಹಾಗೆ ಹೊಲಿಯಲಿಲ್ಲ. ಹೊಲಿದಿದ್ದರೆ ಮಾರನೇ ದಿನ ಆ ಮನೆಯ ಬಾವಿಗೆ ಯಾರು ಬರುತ್ತಿದ್ದರು, ಮಗಳನ್ನು ಯಾರು ತರುತ್ತಿದ್ದರು?

ಬನ್ನಿ, ದಾವಣಗೆರೆ ಬಸ್ಸು ಬಂತು. ಹದಿನಾಲ್ಕು ಕಿಲೋಮೀಟರಿನ ಆಸುಪಾಸು, ಮಂಡಕ್ಕಿ ಪೊಟ್ಟಣ ಮುಗಿಯುವಷ್ಟರಲ್ಲಿ ಊರು. ಇತ್ತ ಕಡೆ ಪುಣೆ–ಬೆಂಗಳೂರು ಹೆದ್ದಾರಿ, ಆಗ ನಾಲ್ಕನೇ ನಂಬರು, ಈಗ ನಲವತ್ತೆಂಟು. ರೋಗದ ನಕ್ಷೆ ಬರೆದವರು ಲಾರಿಯ ದಾರಿಗಳನ್ನೇ ಗೆರೆಯಾಗಿ ಎಳೆದರು. 2003ರಲ್ಲಿ ಗೇಟ್ಸ್ ಫೌಂಡೇಶನ್ನಿನ ಹಣದಲ್ಲಿ 'ಆವಾಹನ್' ಎಂಬ ಏಡ್ಸ್ ತಡೆ ಯೋಜನೆ ಬಂತು, ಲಾರಿ ಚಾಲಕರಿಗೆಂದೇ 'ಕವಚ್' ಬಂತು. 2007ರಲ್ಲಿ ಸಂತೋಷ್ ಶಿವನ್ ಕನ್ನಡದಲ್ಲಿ 'ಪ್ರಾರಂಭ' ಎಂಬ ಪುಟ್ಟ ಸಿನಿಮಾ ಮಾಡಿದರು. ಅದರಲ್ಲಿ ಲಾರಿ ಡ್ರೈವರ್ ಆದ ಪ್ರಭುದೇವ, ಸೋಂಕಿದೆಯೆಂದು ಶಾಲೆಯಿಂದ ಹೊರಬಿದ್ದ ಹುಡುಗನೊಬ್ಬನ ಪರ ನಿಲ್ಲುತ್ತಾನೆ. ಸಿನಿಮಾದ ಡ್ರೈವರಿಗೆ ಸಿಕ್ಕ ಮರ್ಯಾದೆ ನಿಜದ ಡ್ರೈವರುಗಳಿಗೆ ಸಿಗಲಿಲ್ಲ. ಡ್ರೈವರು ಮತ್ತು ಲೈಂಗಿಕ ಕಾರ್ಯಕರ್ತೆ, ಇಬ್ಬರ ತಲೆಗೆ ರೋಗವನ್ನು ಕಟ್ಟಿ ಊರು ಕೈ ತೊಳೆದುಕೊಂಡಿತು. ಬೆಂಚಿನ ಮೇಲಿನ ಬಸುರಿಯರು ಯಾವ ಲಾರಿಯನ್ನೂ ಹತ್ತಿದವರಲ್ಲ.

ದಾವಣಗೆರೆಯ ಸಿ.ಜಿ. ಆಸ್ಪತ್ರೆ, ಅಂದರೆ ಚಿಗಟೇರಿ ಜನರಲ್ ಆಸ್ಪತ್ರೆ. ಎಆರ್‌ಟಿ ಕೇಂದ್ರ, ಅಂದರೆ ಎಚ್‌ಐವಿಗೆ ಔಷಧಿ ಕೊಡುವ ಜಾಗ, ಇರುವುದು ಇಲ್ಲಿ. ಕೂತವರನ್ನು ದಿಟ್ಟಿಸಬೇಡಿ, ಸುಮ್ಮನೆ ಕೂತಿರಿ. ತಮ್ಮೂರಿನ ಹತ್ತಿರದ ಕೇಂದ್ರ ಬಿಟ್ಟು ದೂರದ್ದನ್ನು ಹುಡುಕಿಕೊಂಡು ಹೋಗುವವರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಹತ್ತಿರದ ಕೇಂದ್ರದಲ್ಲಿ ಪರಿಚಯದ ಮುಖ ಕಂಡರೆ ಕಷ್ಟ. ಇಲ್ಲಿ ಎದುರುಬದುರು ಕೂತವರು ಒಬ್ಬರ ಚಪ್ಪಲಿ ಒಬ್ಬರು ನೋಡುತ್ತಾರೆ.

2001ರಲ್ಲಿ ಔಷಧಿ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ ಎಚ್‌ಐವಿಯ ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದಾಗ ಜಗತ್ತಿನ ಔಷಧಿ ಕಂಪನಿಗಳು ಬೆಚ್ಚಿದವು. ಆ ದರವೂ ಇಲ್ಲಿನ ಕೂಲಿಗೆ ಎಟುಕುತ್ತಿರಲಿಲ್ಲ. 2004ರ ಏಪ್ರಿಲ್ 1ರಂದು ಸರ್ಕಾರ ಪುಕ್ಕಟೆ ಕೊಡಲು ಶುರು ಮಾಡಿದಾಗ ಕರ್ನಾಟಕಕ್ಕೆ ಸಿಕ್ಕಿದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಕೇಂದ್ರ. ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಸಿಡಿ4 ಕಣ ಇಷ್ಟಕ್ಕಿಂತ ಇಳಿಯಲಿ, ಆಮೇಲೆ ಬನ್ನಿ ಎನ್ನುವ ಕಾಲ ಅದು. ಸೋಂಕು ಗೊತ್ತಾದ ಕೂಡಲೇ ಗುಳಿಗೆ ಎಂಬ ನಿಯಮ ಬಂದದ್ದು 2017ರಲ್ಲಿ. ನಡುವಿನ ಆ ಹದಿಮೂರು ವರ್ಷದ ಕಥೆ ಕೇಂದ್ರದ ಬಿಳಿ ಕಾರ್ಡುಗಳಲ್ಲಿದೆ. ಒಬ್ಬೊಬ್ಬರಿಗೂ ಒಂದು ಕಾರ್ಡು: ತೂಕ, ಸಿಡಿ4, ಬದಲಾದ ಔಷಧಿ, ಬಂದ ತಾರೀಖು. ಕೆಲವು ಕಾರ್ಡು ಅರ್ಧಕ್ಕೇ ನಿಂತಿರುತ್ತವೆ.

ಆ ಕಾರ್ಡುಗಳನ್ನು ನಾವು ನೋಡುವ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಯಾರ ಸೋಂಕನ್ನೂ ಹೊರಗೆಡಹಬಾರದು, ದಾಖಲೆಯನ್ನು ಭದ್ರವಾಗಿಡಬೇಕು ಎಂದು 2017ರ ಎಚ್‌ಐವಿ–ಏಡ್ಸ್ ಕಾಯ್ದೆಯೇ ಹೇಳುತ್ತದೆ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ನನ್ನ ತಕರಾರು ಅದರ ಬಗ್ಗೆ ಅಲ್ಲ. ಹೆಸರು ಮುಚ್ಚಿಡುವ ಗಡಿಬಿಡಿಯಲ್ಲಿ, ಮುಚ್ಚಬೇಕಿಲ್ಲದ್ದೂ ಕಳೆದುಹೋಗುತ್ತಿದೆಯಲ್ಲ, ಅದರ ಬಗ್ಗೆ. ತಲೆಬುರುಡೆ ಬಿಡಿಸಿ ಹೆದರಿಸಿದ ಹಳೇ ಪೋಸ್ಟರುಗಳು. ಬಸ್‌ ಸ್ಟ್ಯಾಂಡಿನಲ್ಲಿ ಆಡಿದ ಬೀದಿನಾಟಕದ ಮಾತುಗಳು. 'ಮಹಾಮಾರಿ' ಎಂದು ತಲೆಬರಹ ಕೊಟ್ಟ ಪತ್ರಿಕೆಗಳು. ಎಲ್ಲಕ್ಕಿಂತ, ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರು ತಮ್ಮವರ ನಡುವೆಯೇ ಕೆಲಸ ಮಾಡುವಾಗ ಇಟ್ಟ ಚಿತ್ರದ ಲೆಕ್ಕ: ಓದು ಬಾರದವರು ಗುರುತು, ಬಣ್ಣ ಹಾಕಿ ಯಾರನ್ನು ಭೇಟಿಯಾದೆ, ಯಾರಿಗೆ ಎಷ್ಟು ಕಾಂಡೋಮ್ ಕೊಟ್ಟೆ, ಯಾರು ಕ್ಲಿನಿಕ್ಕಿಗೆ ಬಂದರು ಎಂದು ತುಂಬಿದ ಹಾಳೆಗಳು. ಯೋಜನೆ ಮುಗಿದರೆ ಕಚೇರಿ ಖಾಲಿ, ಕಾಗದ ತೂಕಕ್ಕೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ, ಚಿತ್ರನಿರ್ದೇಶಕಿ ಟಿ. ಜಯಶ್ರೀ ಮತ್ತು ಗೆಳೆಯರು ಕಟ್ಟಿದ ದಾಖಲೆ ಭಂಡಾರವೊಂದಿದೆ. ಲೈಂಗಿಕ ಅಲ್ಪಸಂಖ್ಯಾತರ ಚಳವಳಿಯ ಕಾಗದ, ಚಿತ್ರ, ದನಿಗಳನ್ನು ಅಲ್ಲಿ ಕಾಪಾಡುತ್ತಾರೆ. ಆ ಚಳವಳಿಗೂ ಏಡ್ಸ್ ಕೆಲಸಕ್ಕೂ ನಂಟಿದೆ: ಸಲಿಂಗಕಾಮವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಂ ವಿರುದ್ಧ 2001ರಲ್ಲಿ ಕೋರ್ಟಿಗೆ ಹೋದದ್ದೂ ಏಡ್ಸ್ ಕೆಲಸದ ಸಂಸ್ಥೆಯೇ, ನಾಜ್ ಫೌಂಡೇಶನ್. ಏಡ್ಸ್ ಕಾಲದ ಕಾಗದಗಳಿಗೂ ಜಿಲ್ಲೆಗೊಂದು ಅಂಥ ಕಪಾಟಾದರೂ ಬೇಡವೇ? ಬೀಗದ ಕೈ ಮಾತ್ರ ಆ ಹಾಳೆ ತುಂಬಿದ ಹೆಂಗಸರ ಹತ್ತಿರವೇ ಇರಬೇಕು.

ಟೋಕನ್ ಕೂಗಿದರು. ಬರೆಯುವವನ ಸಲುಗೆಯನ್ನು ಮತ್ತೆ ತೆಗೆದುಕೊಳ್ಳುತ್ತೇನೆ. ಐವತ್ತರ ಹೆಂಗಸು ಚೀಲದಿಂದ ಚಿಕಿತ್ಸೆಯ ಹಸಿರು ಪುಸ್ತಕ, ಅದರ ಹಿಂದೆ ಡಬ್ಬಿ ತೆಗೆಯುತ್ತಾಳೆ. ಡಬ್ಬಿಯ ಚೀಟಿ ಕೆರೆದು ಹಾಕಿದೆ, ಅಂಟಿನ ಕಲೆ ಉಳಿದಿದೆ.

'ಮೂರು ತಿಂಗ್ಳದ್ದು ಒಮ್ಮೆಗೇ ಕೊಡ್ರಿ ಮೇಡಂ. ನಾಟಿ ಶುರು ಆಗ್ತೈತಿ, ಬರಾಕಾಗಲ್ಲ.'

'ಮೊದ್ಲು ಲೆಕ್ಕ.'

ಗುಳಿಗೆ ಮೇಜಿನ ಮೇಲೆ ಬೀಳುತ್ತವೆ. ಮೂವತ್ತು ಕೊಟ್ಟು ಇಪ್ಪತ್ತೆಂಟು ದಿನವಾಯಿತು. ಎರಡು ಉಳಿಯಬೇಕಿತ್ತು, ಮೂರಿವೆ. ನುಂಗಿದ್ದು ಶೇ. 96. ತೊಂಬತ್ತೈದರ ಮೇಲಿದ್ದರೆ ಸರಿ.

'ಒಂದಿನ ಯಾಕೆ ತಪ್ತು?'

'ಮನೇಲಿ ನೆಂಟ್ರಿದ್ರು ರೀ.'

'ಬಿಪಿ ಗುಳಿಗೆ ಅಂತ ಹೇಳಿ ನುಂಗ್ಬೇಕಪ್ಪಾ.'

'ನಮ್ಮ ನಾದಿನಿಗೂ ಬಿಪಿ ಐತ್ರೀ. ನಂದು ಖಾಲಿ ಆಗೈತಿ, ನಂಗೂ ಒಂದು ಕೊಡು ಅಂತಾಳೆ.'