ತಾತನ ಸೈಕಲ್ಲಿಗೆ ಹೊಂದುವ ಪಾರ್ಟ್



ನಮ್ಮ ತಾತ ಉಪದೇಶಿಯಾಗಿದ್ದರು. ಆದೋನಿಯಿಂದ ಕೌತಾಳಂ, ಹೊಳಗುಂದ ಕಡೆಯ ಹಳ್ಳಿಗಳಿಗೆ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದರು. ಮಳೆ ಬಂದರೆ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರ ತಿರುಗುತ್ತಿರಲಿಲ್ಲ. ಆಗ ಸೈಕಲ್ಲೇ ತಾತನ ಹೆಗಲೇರುತ್ತಿತ್ತಂತೆ!

ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ರಾಲಿ ಸೈಕಲ್. ಸ್ವದೇಶಕ್ಕೆ ಮರಳುವಾಗ ಒಬ್ಬ ಫಾದರ್ ತಾತನಿಗೆ ಕೊಟ್ಟು ಹೋದದ್ದು. ಹ್ಯಾಂಡಲ್ ಕೆಳಗಿನ ಬಿಲ್ಲೆಯಲ್ಲಿ ಕೊಕ್ಕರೆಯ ತಲೆ ಇದೆ. ಹಿಂದಿನ ಚಕ್ರದಲ್ಲಿ ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್. ಅದರ ಮೇಲೆ 57 ಎಂಬ ಅಂಕಿ ಇದೆ, ಎಂದರೆ ಆ ಹಬ್ 1957ರದು.

ಎಷ್ಟೋ ವರ್ಷಗಳಿಂದ ಸೈಕಲ್ ಹಿತ್ತಲಲ್ಲಿ ಮೂಲೆ ಸೇರಿತ್ತು. ಕಳೆದ ವರ್ಷ ತಾತ ಬಿದ್ದು ಮಂಚ ಹಿಡಿದರು. ಒಂದು ಸಂಜೆ ನನ್ನನ್ನು ಕರೆದು, "ಅದನ್ನೊಂದು ಸಲ ಓಡಿಸಪ್ಪ, ನಾನಿರೋವಾಗಲೇ" ಎಂದರು. ಅವರು ಹಾಗೆ ಏನನ್ನೂ ಕೇಳಿದವರಲ್ಲ.

ಮೊದಲು ಟೈರು. ಹಳೆಯದರ ಮೇಲೆ 26 ಎಂದು ಮಾತ್ರ ಓದಲು ಬರುತ್ತಿತ್ತು. ಬಳ್ಳಾರಿಗೆ ಹೋಗಿ 26ರ ಜೋಡಿ ತಂದೆ. ಎಷ್ಟು ಒದ್ದಾಡಿದರೂ ರಿಮ್ಮಿಗೆ ಏರಲೇ ಇಲ್ಲ. ಆಮೇಲೆ ತಿಳಿಯಿತು, 26 ಇಂಚು ಎನ್ನುವ ಟೈರುಗಳಲ್ಲೇ ಬೇರೆ ಬೇರೆ ಅಳತೆಗಳಿವೆ. 26×1⅜ ಟೈರು ಕೂರುವ ರಿಮ್ಮಿನ ವ್ಯಾಸ 590 ಮಿ.ಮೀ., 26×1½ರದು 584, ಗುಡ್ಡ ಹತ್ತುವ ಸೈಕಲ್ಲುಗಳ 26×1.95ರದು 559. ನಮ್ಮದು 590, ನಾನು ತಂದದ್ದು 584.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಪೆಡಲ್ ತುಳಿದರೆ ಕರಕರ ಸದ್ದು. ಕ್ರ್ಯಾಂಕಿನ ಬೇರಿಂಗ್ ಕಪ್ ಹೋಗಿದೆ ಎಂದುಕೊಂಡು ಹೊಸ ಸೆಟ್ ತರಿಸಿದೆ. ನೋಡಲು ಎರಡೂ ಒಂದೇ. ಒಂದೂವರೆ ಸುತ್ತು ತಿರುಗಿ ಬಿಗಿಯಾಯಿತು. ಉದ್ದನೆಯ ಸ್ಪ್ಯಾನರ್ ಇದ್ದರೆ ಆದೀತೆಂದು ಹತ್ತಿರದ ಸೈಕಲ್ ಶಾಪಿನ ಚಾಚಾ ಹತ್ತಿರ ಹೋದೆ.

ಚಾಚಾ ಸ್ಪ್ಯಾನರ್ ಕೊಡಲಿಲ್ಲ. "ತಿರುಗಲ್ಲ ಅಂದ್ರ ನಿನ್ನ ಕೈಯಾಗ ಬಲ ಇಲ್ಲಂತಲ್ಲಪ್ಪ, ಥ್ರೆಡ್ಡೇ ಬ್ಯಾರೆ. ಕಪ್ ನೂರು ಸಿಗ್ತಾವು, ಈ ಫ್ರೇಮ್ ಇನ್ನೊಂದು ಎಲ್ಲಿಂದ ತರ್ತಿ?" ಎಂದರು.

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ಎಣಿಸಿದೆವು. ಅರ್ಧ ಇಂಚಿಗೆ ಹೊಸದರಲ್ಲಿ 12 ಸುತ್ತು, ಹಳೆಯದರಲ್ಲಿ 13. ಬೇರೆ ಸೈಕಲ್ಲುಗಳಿಗೆ ಸಾಮಾನ್ಯವಾಗಿ ಇಂಚಿಗೆ 24, ನಾಟಿಂಗ್‌ಹ್ಯಾಮಿನ ರಾಲಿಗೆ 26. ಸುತ್ತಿನಿಂದ ಸುತ್ತಿಗೆ ವ್ಯತ್ಯಾಸ 0.08 ಮಿ.ಮೀ. ಮಾತ್ರ. ಬಿ.ಎಸ್ಸಿ. ಲ್ಯಾಬಿನಲ್ಲಿ ಸ್ಕ್ರೂ ಗೇಜ್ ಹಿಡಿದು ಪಿಚ್ ಲೆಕ್ಕ ಹಾಕಿ ಮಾರ್ಕ್ಸ್ ತೆಗೆದವನು ನಾನು! ತಾತನ ಸೈಕಲ್ಲಿಗೆ ಬಂದಾಗ ಅಳೆಯಲೇ ಇಲ್ಲ. ಸ್ಪ್ಯಾನರ್ ಸಿಕ್ಕಿದ್ದರೆ ಅರವತ್ತು ವರ್ಷಕ್ಕೂ ಮೀರಿ ಬಾಳಿದ ಫ್ರೇಮಿನ ಥ್ರೆಡ್ಡನ್ನು ಒಂದೇ ಸಂಜೆಯಲ್ಲಿ ಕಿತ್ತು ಹಾಕುತ್ತಿದ್ದೆ.

ಹಳೆಯ ಕಪ್ ಸವೆದೇ ಇರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಕಡೆಗೆ ಹನ್ನೊಂದರಂತೆ ಕಾಲಿಂಚಿನ ಹೊಸ ಗುಂಡುಗಳನ್ನು ಗ್ರೀಸಿನಲ್ಲಿ ಕೂರಿಸಿದೆವು. ಕಾಟರ್ ಪಿನ್ 9.5 ಮಿ.ಮೀ.ದೇ ಬೇಕಿತ್ತು, 9ರದು ಸಡಿಲ. ಅದನ್ನೂ, 26×1⅜ ಟೈರನ್ನೂ ಚಾಚಾ ತಮ್ಮ ಹಳೆಯ ಡಬ್ಬ, ಅಟ್ಟ ಹುಡುಕಿ ತೆಗೆದುಕೊಟ್ಟರು.

ನಿಮ್ಮ ಮನೆಯಲ್ಲೂ ಇಂಥ ಸೈಕಲ್ ಇದ್ದರೆ ತೂಕಕ್ಕೆ ಹಾಕಬೇಡಿ. ಹಳೆಯ ಪಾರ್ಟನ್ನು ಎಸೆಯದೆ ಚೀಲದಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ಟೈರಿನ ಅಂಕಿ ಪೂರ್ತಿ ಬರೆದುಕೊಳ್ಳಿ, ಥ್ರೆಡ್ ಎಣಿಸಿ. ಕೈಯಲ್ಲಿ ಸುಲಭವಾಗಿ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಆ ಭಾನುವಾರ ಪೂಜೆ ಮುಗಿಸಿ ಬಂದು ತಾತನ ಮಂಚವನ್ನು ಜಗಲಿಗೆ ತಂದೆವು. ಪೊರೆ ಬಂದ ಕಣ್ಣಿಗೆ ನಾನು ಸರಿಯಾಗಿ ಕಾಣುತ್ತಿರಲಿಲ್ಲ. ಅಂಗಳದಲ್ಲಿ ಸುತ್ತು ಹೊಡೆದೆ. ಹಬ್ ಟಿಕ್ ಟಿಕ್ ಎನ್ನುತ್ತಿತ್ತು. ಗೇರ್ ಬದಲಿಸಿದೊಡನೆ ಸದ್ದು ನಿಂತಿತು.

ತಾತ ಕಣ್ಣು ಮುಚ್ಚಿಕೊಂಡೇ ನಕ್ಕರು. "ಒಂದಕ್ಕೆ ಹಾಕಿದೆಯಲ್ಲಾ! ಏರು ಎಲ್ಲೈತೋ ಇಲ್ಲಿ?"